ಬಿದ್ದಷ್ಟೂ ನುಚ್ಚು: ಉಗಿ ಇಂಜಿನ್ನಿಗೆ ಕಲ್ಲಿದ್ದಲು ತುಂಬುತ್ತಿದ್ದ ಬಗೆ

ಮೀಟರ್ ಗೇಜಿನ ವೈಪಿ ಎಂಬ ಉಗಿ ಇಂಜಿನ್ನಿನ ಟೆಂಡರಿಗೆ, ಅಂದರೆ ಅದರ ಬೆನ್ನಿಗೆ ಜೋಡಿಸಿದ ಕಲ್ಲಿದ್ದಲು, ನೀರಿನ ಬಂಡಿಗೆ, ಹೆಚ್ಚುಕಡಿಮೆ 10 ಟನ್ ಕಲ್ಲಿದ್ದಲು ಹಿಡಿಯುತ್ತಿತ್ತು. ನೀರು 3,000 ಗ್ಯಾಲನ್, ಲೀಟರಿನಲ್ಲಿ ಹೇಳಿದರೆ 13,600. ನಮ್ಮ ದೇಶದ ಕಲ್ಲಿದ್ದಲು ಒಂದು ಕಿಲೋ ಉರಿದರೆ 6 ಕಿಲೋ ಆಸುಪಾಸು ನೀರು ಉಗಿಯಾಗುತ್ತದೆ. ಹಾಗಾದರೆ 10 ಟನ್ ಖರ್ಚಾಗುವ ಹೊತ್ತಿಗೆ 60 ಟನ್ ನೀರು ಬೇಕು, ಅಂದರೆ ತೊಟ್ಟಿ ನಾಲ್ಕು ಸಲಕ್ಕಿಂತ ಹೆಚ್ಚೇ ತುಂಬಬೇಕು. ದಾರಿಯ ಸ್ಟೇಷನ್ನುಗಳಲ್ಲಿ ಸೊಂಡಿಲು ಚಾಚಿದ ನೀರಿನ ಕಂಬಗಳು ಅಷ್ಟೊಂದು ಇದ್ದು, ಕಲ್ಲಿದ್ದಲು ಮಾತ್ರ ಇಂಜಿನ್ನುಗಳು ತಂಗುವ ಲೋಕೋ ಶೆಡ್ಡಿನಲ್ಲೇ ಸಿಗುತ್ತಿದ್ದುದಕ್ಕೆ ಈ ಲೆಕ್ಕವೇ ಕಾರಣ. ನೀರು ತುಂಬಿಸಲು ನಲ್ಲಿ ತಿರುಗಿಸಿದರೆ ಆಯಿತು. ಕಲ್ಲಿದ್ದಲಿಗೆ ಜಾಗ ಬೇಕು, ಆಳು ಬೇಕು, ಯಂತ್ರ ಬೇಕು, ಎಲ್ಲಕ್ಕಿಂತ ಹೆಚ್ಚಾಗಿ ಎಚ್ಚರ ಬೇಕು.

ಎಚ್ಚರ ಏಕೆಂದರೆ ಕಲ್ಲಿದ್ದಲು ನೀರಿನ ಹಾಗೆ ಎಲ್ಲಿ ಸುರಿದರೂ ಒಂದೇ ಆಗಿ ಉಳಿಯುವ ಸರಕಲ್ಲ. ಗಣಿಯಿಂದ ವ್ಯಾಗನ್ನಿಗೆ, ವ್ಯಾಗನ್ನಿನಿಂದ ನೆಲಕ್ಕೆ, ನೆಲದಿಂದ ಬುಟ್ಟಿಗೋ ಬಕೆಟ್ಟಿಗೋ, ಅಲ್ಲಿಂದ ಟೆಂಡರಿಗೆ. ಬಿದ್ದ ಪ್ರತಿ ಸಲವೂ ಒಂದಿಷ್ಟು ಹೆಂಟೆ ಒಡೆದು ನುಚ್ಚಾಗುತ್ತದೆ. ಅಕ್ಕಿಯ ನುಚ್ಚಿನಲ್ಲಾದರೂ ಗಂಜಿ ಕಾಯಿಸಬಹುದು, ಕಲ್ಲಿದ್ದಲಿನ ನುಚ್ಚಿನಲ್ಲಿ ಗಾಡಿ ಎಳೆಸುವುದು ಕಷ್ಟ. ಕಲ್ಲಿದ್ದಲು ತುಂಬುವ ವಿಧಾನಗಳ ಬಗ್ಗೆ ಮಾತಾಡುವವರು ಸಾಮಾನ್ಯವಾಗಿ ಎಷ್ಟು ನಿಮಿಷದಲ್ಲಿ ಎಷ್ಟು ಟನ್ ಎಂದು ಕೇಳುತ್ತಾರೆ. ನನಗೆ ಕಾಣುವಂತೆ ಸರಿಯಾದ ಪ್ರಶ್ನೆ ಬೇರೆ: ತುಂಬಿದ ಮೇಲೆ ಟೆಂಡರಿನಲ್ಲಿ ಹೆಂಟೆ ಎಷ್ಟು ಉಳಿಯಿತು, ನುಚ್ಚು ಎಷ್ಟಾಯಿತು?

ಸಲಿಕೆಯಲ್ಲಿ ಎಸೆದು ಉರಿಸುವ ಇಂಜಿನ್ನಿಗೆ ಬೇಕಾದದ್ದು ಮುಷ್ಟಿ ಗಾತ್ರದ ತುಂಡು. ಅದಕ್ಕಿಂತ ತೀರಾ ದೊಡ್ಡದಾದರೆ ತುಂಡುಗಳ ನಡುವೆ ಸಂದು ಹೆಚ್ಚಾಗಿ, ಅಲ್ಲಿಂದ ತಣ್ಣನೆಯ ಗಾಳಿ ಉರಿಯದೆ ನೇರ ಮೇಲೆ ನುಗ್ಗುತ್ತದೆ. ಬೆಂಕಿಯ ಹಾಸಿನಲ್ಲಿ ತೂತು ಬಿದ್ದಂತೆ. ತೀರಾ ಸಣ್ಣದಾದರೆ ಎರಡು ತೊಂದರೆ. ಒಂದು, ಬೆಂಕಿಯನ್ನು ಹೊರುವ ಸರಳುಗಳ ತಳ, ಅಂದರೆ ಗ್ರೇಟ್, ಅದರ ಸಂದು ಮುಚ್ಚಿ ಗಾಳಿ ಕಟ್ಟುತ್ತದೆ. ಇನ್ನೊಂದು ಹಾರಿಹೋಗುವುದು. ಸಿಲಿಂಡರಿನಲ್ಲಿ ಕೆಲಸ ಮುಗಿಸಿದ ಉಗಿ ಹೊಗೆಪೆಟ್ಟಿಗೆಯಲ್ಲಿರುವ ಬ್ಲಾಸ್ಟ್ ಪೈಪಿನಿಂದ ಚಿಮಣಿಯತ್ತ ಚಿಮ್ಮುತ್ತದಲ್ಲ, ಆ ಚಿಮ್ಮುವಿಕೆಯೇ ಬೆಂಕಿಗೂಡಿನೊಳಕ್ಕೆ ಗಾಳಿ ಎಳೆಯುವುದು. ಇಂಜಿನ್ ಹೆಚ್ಚು ದುಡಿದಷ್ಟೂ ಎಳೆತ ಹೆಚ್ಚು. ಕುಳೆಂನಿಂದ ಕ್ಯಾಸಲ್ ರಾಕ್‌ಗೆ ಹತ್ತುವ ಘಾಟಿಯಂಥ, ಸುಮಾರು 40 ಅಡಿ ಸಾಗಿದರೆ 1 ಅಡಿ ಮೇಲೇರುವ ಏರಿನಲ್ಲಿ, ಆ ಎಳೆತಕ್ಕೆ ನುಚ್ಚು ಗ್ರೇಟಿನ ಮೇಲೆ ಕೂರುವುದೇ ಇಲ್ಲ. ಅರೆಬೆಂದು ಬಾಯ್ಲರ್ ಕೊಳವೆಗಳ ಮೂಲಕ ಹೊಗೆಪೆಟ್ಟಿಗೆಗೆ ಬಂದು ಬೀಳುತ್ತದೆ, ಉಳಿದದ್ದು ಕಿಡಿಯಾಗಿ ಆಚೆ. ಅಂದರೆ ಇಂಧನ ಅತಿ ಹೆಚ್ಚು ಬೇಕಾದ ಗಳಿಗೆಯಲ್ಲೇ ಅದು ಕೈಕೊಡುತ್ತದೆ.

ಎಲ್ಲ ನುಚ್ಚೂ ಒಂದೇ ಅಲ್ಲ ಎಂಬುದನ್ನೂ ಹೇಳಬೇಕು. ಜಾರ್ಖಂಡಿನ ಝರಿಯಾದ ಕೋಕಿಂಗ್ ಕಲ್ಲಿದ್ದಲು ಕಾದಾಗ ಮೆತ್ತಗಾಗಿ ಒಂದಕ್ಕೊಂದು ಅಂಟಿಕೊಳ್ಳುತ್ತದೆ, ಅದರ ಪುಡಿಯನ್ನೂ ಒಂದಿಷ್ಟು ನೀರು ಚಿಮುಕಿಸಿ ಹಾಕಿದರೆ ಗಟ್ಟಿಯಾಗಿ ಕೂತು ಉರಿಯುತ್ತದೆ. ದಕ್ಷಿಣದ ರೈಲುಗಳಿಗೆ ಬರುತ್ತಿದ್ದ ತೆಲಂಗಾಣದ ಸಿಂಗರೇಣಿ ಕಲ್ಲಿದ್ದಲಿಗೆ ಆ ಗುಣವಿಲ್ಲ. ಅದರ ಪುಡಿ ಪುಡಿಯಾಗಿಯೇ ಇದ್ದು, ಪುಡಿಯಾಗಿಯೇ ಹಾರುತ್ತದೆ. ಝರಿಯಾದ ಒಳ್ಳೆಯ ಸರಕನ್ನು ಉಕ್ಕಿನ ಕುಲುಮೆಗಳಿಗೆ ಉಳಿಸಬೇಕೆಂಬ ಒತ್ತಡ ಸ್ವಾತಂತ್ರ್ಯಾನಂತರ ಹೆಚ್ಚಿದಾಗ, ರೈಲ್ವೆಗೆ ಸಿಗುವ ಕಲ್ಲಿದ್ದಲಿನ ದರ್ಜೆ ಇಳಿಯಿತು. ಬೂದಿ ಜಾಸ್ತಿಯ ಈ ಕಲ್ಲಿದ್ದಲಿಗಾಗಿಯೇ ಭಾರತದ ಇಂಜಿನ್ನುಗಳ ಬೆಂಕಿಗೂಡು ಅಗಲವಾಗಿತ್ತು: ಬ್ರಾಡ್ ಗೇಜಿನ ಡಬ್ಲ್ಯುಪಿಗೆ 46 ಚದರಡಿ ಗ್ರೇಟ್, ಮೀಟರ್ ಗೇಜಿನ ವೈಪಿಗೆ 28.

ಶೆಡ್ಡಿನ ರಾಶಿ

ಬಂದ ವ್ಯಾಗನ್ನುಗಳನ್ನೆಲ್ಲ ನೇರವಾಗಿ ಇಂಜಿನ್ನಿಗೆ ಖಾಲಿ ಮಾಡಲಾಗದು. ಗಣಿಯಲ್ಲಿ ಮುಷ್ಕರವಾಗಬಹುದು, ದಾರಿಯಲ್ಲಿ ಸೇತುವೆ ಕೊಚ್ಚಿಹೋಗಬಹುದು. ಹೀಗಾಗಿ ದಿನಗಳ, ಕೆಲವೊಮ್ಮೆ ವಾರಗಳ ದಾಸ್ತಾನು ಇರಲೇಬೇಕು. ರಾಶಿ ಹಾಕುವುದು ಸುಲಭದ ಕೆಲಸದಂತೆ ಕಾಣುತ್ತದೆ. ಆದರೆ ಶೆಡ್ಡಿನಲ್ಲಿ ಬೆಂಕಿ ಬೀಳುವುದು ಇಂಜಿನ್ನಿಗಿಂತ ಹೆಚ್ಚಾಗಿ ರಾಶಿಗೆ.

ಕಲ್ಲಿದ್ದಲು ಗಾಳಿಯ ಆಮ್ಲಜನಕವನ್ನು ನಿಧಾನವಾಗಿ ಹೀರುತ್ತ ತಾನೇ ಬಿಸಿಯಾಗುತ್ತದೆ. ಗಾಳಿ ಚೆನ್ನಾಗಿ ಆಡಿದರೆ ಆ ಬಿಸಿ ಹೊರಟುಹೋಗುತ್ತದೆ, ಗಾಳಿಯೇ ಹೋಗದಿದ್ದರೆ ಬಿಸಿ ಹುಟ್ಟುವುದೇ ಇಲ್ಲ. ಅಪಾಯ ಇವೆರಡರ ನಡುವೆ: ಹೀರಿಕೊಳ್ಳಲು ಸಾಕಾಗುವಷ್ಟು ಗಾಳಿ, ಬಿಸಿಯನ್ನು ಹೊರಗೊಯ್ಯಲು ಸಾಲದಷ್ಟು ಗಾಳಿ. ಎತ್ತರದಿಂದ ಸುರಿದಾಗ ದೊಡ್ಡ ಹೆಂಟೆಗಳು ಉರುಳಿ ಅಂಚಿಗೆ ಬಂದು ನಿಲ್ಲುತ್ತವೆ, ನುಚ್ಚು ನಡುವೆ ಗುಡ್ಡೆಯಾಗುತ್ತದೆ. ಬುಡದ ಹೆಂಟೆಗಳ ಸಂದಿನಿಂದ ಗಾಳಿ ಒಳಗೆ, ನಡುವಿನ ನುಚ್ಚಿನಲ್ಲಿ ಬಿಸಿ. ಕುಲುಮೆಗೆ ಇದಕ್ಕಿಂತ ಒಳ್ಳೆಯ ವಿನ್ಯಾಸ ಬೇಕೇ? ಅದಕ್ಕೇ ರಾಶಿಯನ್ನು ಮೂರು ಮೀಟರಿಗಿಂತ ಎತ್ತರ ಏರಿಸದೆ, ತೆಳುವಾದ ಪದರಗಳಲ್ಲಿ ಹರಡಿ, ತುಳಿದು ಗಟ್ಟಿ ಮಾಡುವುದು. ಕೆಳಗೆ ನೀರು ನಿಲ್ಲದ ಗಟ್ಟಿ ನೆಲ. ರಾಶಿಯೊಳಗೆ ಮರದ ತುಂಡು, ಚಿಂದಿ, ಎಣ್ಣೆ ಹತ್ತಿದ ಹತ್ತಿಯ ಉಂಡೆ ಇರಕೂಡದು, ಪಕ್ಕದಲ್ಲಿ ಉಗಿ ಪೈಪು ಹಾಯಕೂಡದು. ಹಳೆಯ ರಾಶಿಯ ಮೇಲೆ ಹೊಸದನ್ನು ಸುರಿಯಕೂಡದು. ಮೊದಲು ಬಂದದ್ದು ಮೊದಲು ಖರ್ಚಾಗಬೇಕು.

ಬಿಸಿ ಪತ್ತೆಹಚ್ಚುವ ಹಳೆಯ ಉಪಾಯಕ್ಕೆ ಬೇಕಾದದ್ದು ಒಂದು ಕಬ್ಬಿಣದ ಸರಳು. ರಾಶಿಯೊಳಕ್ಕೆ ಆಳವಾಗಿ ಚುಚ್ಚಿ ಹತ್ತು ನಿಮಿಷ ಬಿಟ್ಟು ಎಳೆದು, ತುದಿಯನ್ನು ಕೈಯಲ್ಲಿ ಹಿಡಿದು ನೋಡುವುದು. ಹಿಡಿಯಲಾಗದಷ್ಟು ಸುಟ್ಟರೆ ಆ ಭಾಗವನ್ನು ಅಗೆದು ತೆಗೆದು ನೆಲದ ಮೇಲೆ ತೆಳುವಾಗಿ ಹರಡಿ ಆರಿಸಬೇಕು, ಮೊದಲು ಬಂದ ಇಂಜಿನ್ನಿಗೆ ಅದನ್ನೇ ಕೊಟ್ಟು ಮುಗಿಸಬೇಕು. ಹೊಗೆ ಕಂಡ ಕೂಡಲೇ ಮೇಲಿನಿಂದ ನಾಲ್ಕು ಬಕೆಟ್ ನೀರು ಸುರಿಯುವುದು ಎಲ್ಲರಿಗೂ ಹೊಳೆಯುವ ಕೆಲಸ, ಮಾಡಬಾರದ ಕೆಲಸವೂ ಹೌದು. ಅಷ್ಟು ನೀರು ಒಳಗಿನ ಕೆಂಡದವರೆಗೆ ಇಳಿಯುವುದಿಲ್ಲ. ಇಳಿದರೂ, ನಿಗಿನಿಗಿ ಕೆಂಡದ ಮೇಲೆ ಬಿದ್ದ ಉಗಿಯಿಂದ ಹೈಡ್ರೋಜನ್ ಮತ್ತು ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತವೆ. ಒಂದು ಉರಿಯುತ್ತದೆ, ಇನ್ನೊಂದು ಉರಿಯುವುದಲ್ಲದೆ ಕೊಲ್ಲುತ್ತದೆ ಕೂಡ.

ಕಳ್ಳತನಕ್ಕೆ ಕಾವಲು ಇನ್ನೂ ಸರಳ: ರಾಶಿಯ ಮೈಮೇಲೆ ಸುಣ್ಣದ ನೀರು ಚಿಮುಕಿಸುವುದು. ಎಲ್ಲಿಂದ ಕದ್ದರೂ ಬಿಳಿಯ ನಡುವೆ ಕಪ್ಪು ಮಚ್ಚೆ ಎದ್ದು ಕಾಣುತ್ತದೆ. ತುಂಬಿದ ವ್ಯಾಗನ್ನಿಗೂ ಇದೇ ಉಪಾಯ.

ಆದರೆ ಲೆಕ್ಕದಲ್ಲಿ ಕಾಣೆಯಾಗುವ ಕಲ್ಲಿದ್ದಲೆಲ್ಲ ಕಳ್ಳರ ಪಾಲಲ್ಲ. ಒಂದು ಉದಾಹರಣೆ ನೋಡಿ. ಬುಡ 20 ಮೀಟರ್ ಉದ್ದ, 6 ಮೀಟರ್ ಅಗಲ. ಎತ್ತರ 2 ಮೀಟರ್. ನಾಲ್ಕೂ ಕಡೆ ಇಳಿಜಾರಾಗಿ ಬಂದು ನೆತ್ತಿ 16 ಮೀಟರಿಗೆ 2 ಮೀಟರ್ ಎಂದುಕೊಳ್ಳಿ. ಬುಡದ ಕ್ಷೇತ್ರ 120, ನೆತ್ತಿಯದು 32, ಸರಾಸರಿ 76, ಎರಡರಿಂದ ಗುಣಿಸಿ 152 ಘನ ಮೀಟರ್ ಎಂದು ಬರೆದರೆ ತಪ್ಪು. ನಟ್ಟನಡುವಿನ ಅಡ್ಡಕೊಯ್ತ 18 ಮೀಟರಿಗೆ 4, ಅಂದರೆ 72, ಅದು 76 ಅಲ್ಲ. ಬುಡ, ನೆತ್ತಿ, ನಡುವಿನ ನಾಲ್ಕರಷ್ಟು, ಇವನ್ನು ಕೂಡಿಸಿ ಎತ್ತರದಿಂದ ಗುಣಿಸಿ ಆರರಿಂದ ಭಾಗಿಸಬೇಕು. ಆಗ ಬರುವುದು 146.7. ಸಡಿಲ ಕಲ್ಲಿದ್ದಲು ಘನ ಮೀಟರಿಗೆ 0.85 ಟನ್ ತೂಗಿದರೆ ಮೊದಲ ಲೆಕ್ಕದಲ್ಲಿ 129 ಟನ್, ಎರಡನೆಯದರಲ್ಲಿ 125ಕ್ಕೂ ತುಸು ಕಡಿಮೆ. ನಾಲ್ಕೂವರೆ ಟನ್ ಕಳ್ಳರಿಲ್ಲದೆಯೇ ಮಾಯ! ಮಳೆಗಾಲ ಬಂದರೆ ಲೆಕ್ಕ ಇನ್ನಷ್ಟು ಜಾರುತ್ತದೆ, ಏಕೆಂದರೆ ತೊಯ್ದ ನುಚ್ಚು ತನ್ನ ತೂಕದ ಹತ್ತರಲ್ಲೊಂದು ಪಾಲು ನೀರನ್ನು ಹೊತ್ತುಕೊಂಡೇ ತಕ್ಕಡಿ ಏರಬಲ್ಲದು.

ತಲೆಯ ಮೇಲಿನ ಬುಟ್ಟಿ

ಡ್ಯೂಟಿ ಮುಗಿಸಿ ಬಂದ ಇಂಜಿನ್ ಸಾಮಾನ್ಯವಾಗಿ ಮೊದಲು ಹೋಗುತ್ತಿದ್ದುದು ಕಲ್ಲಿದ್ದಲಿನ ಜಾಗಕ್ಕೆ, ಆಮೇಲೆ ಬೂದಿಗುಂಡಿಗೆ, ಆಮೇಲೆ ಇಂಜಿನ್ನಿನ ಮುಖ ತಿರುಗಿಸುವ ತಿರುಗುಮೇಜಿಗೆ, ಕೊನೆಗೆ ಶೆಡ್ಡಿನೊಳಕ್ಕೆ. ಈ ಸರದಿಗೆ ಅರ್ಥವಿದೆ. ಬೂದಿಗುಂಡಿಯ ಮೇಲೆ ಬೆಂಕಿ ಇಳಿಸಿದ ಮೇಲೆ ಬಾಯ್ಲರಿನಲ್ಲಿ ಉಳಿಯುವ ಉಗಿ ಇಂಜಿನ್ನನ್ನು ಒಂದೆರಡು ಸಲ ಸರಿಸಲಷ್ಟೇ ಸಾಕು. ಕಲ್ಲಿದ್ದಲಿಗೆ ಸಾಲು ನಿಂತು ಹಿಂದೆ ಮುಂದೆ ಆಡಬೇಕಾದ ಕೆಲಸ ಅದಕ್ಕೂ ಮುಂಚೆ ಮುಗಿದಿರಬೇಕು.

ಎಲ್ಲಕ್ಕಿಂತ ಹಳೆಯ ವಿಧಾನ ಬುಟ್ಟಿ. ತಲೆಯ ಮೇಲೆ ಸಿಂಬೆ, ಸಿಂಬೆಯ ಮೇಲೆ ಬುಟ್ಟಿ, ಹಲಗೆಯ ಏರಿನ ಮೇಲೆ ಸಾಲಾಗಿ ಹತ್ತಿ ಟೆಂಡರಿಗೆ ಸುರಿದು ಇನ್ನೊಂದು ಕಡೆಯಿಂದ ಇಳಿಯುವುದು. ಬುಟ್ಟಿಗೆ 25 ಕಿಲೋ ಎಂದರೆ 10 ಟನ್ನಿಗೆ 400 ಬುಟ್ಟಿ. ಹತ್ತು ಜನ, ಒಬ್ಬೊಬ್ಬರಿಗೆ 40 ಸುತ್ತು, ಸುತ್ತಿಗೆ ಒಂದೂವರೆ ನಿಮಿಷ ಹಿಡಿದರೆ ಸರಿಯಾಗಿ ಒಂದು ಗಂಟೆ. ಬ್ರಾಡ್ ಗೇಜಿನ ಡಬ್ಲ್ಯುಜಿಗೆ 18 ಟನ್. ಅದಕ್ಕೆ 720 ಬುಟ್ಟಿ. ಕೂಲಿ ಅಗ್ಗವಾಗಿದ್ದರಿಂದ ಈ ಪದ್ಧತಿ ಇಲ್ಲಿ ಬಹುಕಾಲ ನಿಂತಿತು ಎಂಬುದು ನಿಜ. ಅದನ್ನು ಮರೆಮಾಚಿ ಹೊಗಳುವುದು ಸರಿಯಲ್ಲ, ಬಿಸಿಲಿನಲ್ಲಿ ಕಪ್ಪು ಧೂಳು ಕುಡಿಯುತ್ತ 40 ಸಲ ಏರು ಹತ್ತುವುದು ಯಾವ ಲೆಕ್ಕದಲ್ಲೂ ಒಳ್ಳೆಯ ಕೆಲಸವಲ್ಲ. ಆದರೆ ಕಲ್ಲಿದ್ದಲಿನ ದೃಷ್ಟಿಯಿಂದ ನೋಡಿದರೆ ಬುಟ್ಟಿಯಷ್ಟು ಮೃದುವಾದ ಯಂತ್ರ ಇನ್ನೊಂದಿಲ್ಲ. ಬೀಳುವ ಎತ್ತರ ಒಂದೆರಡು ಅಡಿ. ಬುಟ್ಟಿಗೆ ತುಂಬುವಾಗ ಕೈಯೂ ಕಣ್ಣೂ ಕೆಲಸ ಮಾಡುತ್ತವೆ: ಬೂದು ಬಣ್ಣದ ಪದರಗಲ್ಲು, ಗಣಿಯ ಆಸರೆ ಮರದ ಚೂರು, ತಂತಿಯ ತುಂಡು, ಅಪರೂಪಕ್ಕೊಮ್ಮೆ ಸಿಡಿಯದೆ ಉಳಿದ ಸಿಡಿಮದ್ದಿನ ಕೇಪು ಕೂಡ ಅಲ್ಲೇ ಸಿಕ್ಕಿಬೀಳುತ್ತದೆ. ಹಲ್ಲುಗಳಿರುವ ಕವೆಗೋಲಿನಿಂದ ಎತ್ತಿದರೆ ನುಚ್ಚು ಸಂದಿನಿಂದ ಕೆಳಗುದುರಿ ಹೆಂಟೆ ಮಾತ್ರ ಬುಟ್ಟಿ ಸೇರುತ್ತದೆ.

ಇದಕ್ಕಿಂತ ಒಂದು ಮೆಟ್ಟಿಲು ಮೇಲೆ ನಿಂತದ್ದು ಎತ್ತರದ ಜಗಲಿ. ಇದನ್ನು ಬಹಳ ಅಚ್ಚುಕಟ್ಟಾಗಿ ಬೆಳೆಸಿದವರು ಇಂಗ್ಲೆಂಡಿನ ಗ್ರೇಟ್ ವೆಸ್ಟರ್ನ್ ರೈಲ್ವೆಯವರು. ಕಲ್ಲಿದ್ದಲಿನ ವ್ಯಾಗನ್ನುಗಳನ್ನು ಇಂಜಿನ್ ಒಂದು ಏರಿನ ಮೇಲೆ ತಳ್ಳಿ ಇಟ್ಟಿಗೆ ಕಟ್ಟಡದ ಮೇಲಂತಸ್ತಿಗೆ ಸೇರಿಸುತ್ತದೆ. ಅಲ್ಲಿ ಆಳುಗಳು ವ್ಯಾಗನ್ನಿನಿಂದ ಅರ್ಧ ಟನ್ ಹಿಡಿಯುವ, ಗಾಲಿಯಿರುವ ಕಬ್ಬಿಣದ ತೊಟ್ಟಿಗಳಿಗೆ ಸಲಿಕೆಯಿಂದ ತುಂಬಿಡುತ್ತಾರೆ. ಕೆಳಗೆ ಇಂಜಿನ್ ಬಂದು ನಿಂತಾಗ ತೊಟ್ಟಿಯನ್ನು ಅಂಚಿಗೆ ತಳ್ಳಿ ಟೆಂಡರಿಗೆ ಮಗುಚುವುದು. ಕಟ್ಟಡದ ಚಾವಣಿಯ ಮೇಲೆಯೇ ನೀರಿನ ಟ್ಯಾಂಕು. ಲೆಕ್ಕ ಇಡುವುದೂ ಸುಲಭ: ಎಂಟು ತೊಟ್ಟಿ, ನಾಲ್ಕು ಟನ್, ಚೀಟಿ ಬರೆ. ಇಂಜಿನ್ ಇಲ್ಲದ ಹೊತ್ತಿನಲ್ಲಿ ತೊಟ್ಟಿ ತುಂಬಿಟ್ಟುಕೊಳ್ಳಬಹುದಾದ್ದರಿಂದ, ನಾಲ್ಕು ಇಂಜಿನ್ ಒಟ್ಟಿಗೆ ಬಂದರೂ ಗಾಬರಿಯಿಲ್ಲ. ಆಕ್ಸ್‌ಫರ್ಡ್ ಬಳಿಯ ಡಿಡ್‌ಕಾಟ್‌ನಲ್ಲಿ ಅಂಥದೊಂದು ಜಗಲಿ ರೈಲು ಮ್ಯೂಸಿಯಂನ ಭಾಗವಾಗಿ ಇಂದಿಗೂ ಇದೆ.

ಇಂಗ್ಲೆಂಡಿನ ಬೇರೆ ಕಂಪನಿಗಳು ದೈತ್ಯ ಯಂತ್ರಗಳಿಗೆ ಹೋದರೂ ಇವರು ಮಾತ್ರ ಸಲಿಕೆಯನ್ನು ಏಕೆ ಬಿಡಲಿಲ್ಲ? ಹಳೆಯದಕ್ಕೆ ಅಂಟಿಕೊಂಡ ಮೊಂಡುತನವಲ್ಲ ಅದು. ಅವರ ಇಂಜಿನ್ನುಗಳು ಉರಿಸುತ್ತಿದ್ದುದು ದಕ್ಷಿಣ ವೇಲ್ಸಿನ ಕಲ್ಲಿದ್ದಲು. ಉರಿಯುವುದರಲ್ಲಿ ಬಲು ಶ್ರೇಷ್ಠ, ಆದರೆ ಮುಟ್ಟಿದರೆ ಪುಡಿ. ಆ ಯಂತ್ರಗಳ ಎತ್ತರದ ಬಂಕರಿಗೆ, ಅಂದರೆ ಕಲ್ಲಿದ್ದಲಿನ ಕಣಜಕ್ಕೆ, ಎತ್ತಿ ಸುರಿದಿದ್ದರೆ ಚಿನ್ನದ ಬೆಲೆಯ ಸರಕು ಮಸಿಯಾಗುತ್ತಿತ್ತು. ಕಲ್ಲಿದ್ದಲಿನ ಗುಣವೇ ಕಟ್ಟಡದ ನಕ್ಷೆ ಬರೆಯಿತು ಅನ್ನಬಹುದು.

ವ್ಯಾಗನ್ನನ್ನೇ ಎತ್ತಿ ಸುರಿಯುವ ಗೋಪುರ

ಆ ದೈತ್ಯ ಯಂತ್ರಗಳಿಗೆ ಇಂಗ್ಲೆಂಡಿನ ರೈಲುಗಾರರು ಕೊಟ್ಟ ಅಡ್ಡಹೆಸರು ಸೆನೊಟಾಫ್, ಲಂಡನ್ನಿನ ಯುದ್ಧಸ್ಮಾರಕದ ಹಾಗೆ ನೆಟ್ಟಗೆ, ಬೋಳಾಗಿ ನಿಂತಿದ್ದರಿಂದ. ಕಾಂಕ್ರೀಟಿನ ಗೋಪುರ, ಒಳಗೆ 150ರಿಂದ 300 ಟನ್ ಹಿಡಿಯುವ ಬಂಕರ್. ತುಂಬಿದ ವ್ಯಾಗನ್ನನ್ನು ತೊಟ್ಟಿಲಿನಂಥ ಚೌಕಟ್ಟಿಗೆ ನೂಕಿ ಬಿಗಿದರೆ, ವಿದ್ಯುತ್ ಮೋಟಾರು ವ್ಯಾಗನ್ ಸಮೇತ ಗೋಪುರದ ತುದಿಗೆ ಎಳೆದು ಮಗುಚುತ್ತದೆ. ಬಂಕರನ್ನು ಎರಡು ಕೋಣೆ ಮಾಡಿ ಒಂದರಲ್ಲಿ ಎಕ್ಸ್‌ಪ್ರೆಸ್ ಗಾಡಿಗಳಿಗೆ ಒಳ್ಳೆಯ ಕಲ್ಲಿದ್ದಲು, ಇನ್ನೊಂದರಲ್ಲಿ ಗೂಡ್ಸಿಗೆ ಸಾಧಾರಣದ್ದು ಇಡುವುದೂ ಇತ್ತು. ಕೆಳಗೆ ಇಂಜಿನ್ ನಿಂತು ಗುಂಡಿ ಒತ್ತಿದರೆ ಜಾರುಬಾಯಿ ತೆರೆದು ಕೆಲವೇ ನಿಮಿಷದಲ್ಲಿ ಟೆಂಡರ್ ಭರ್ತಿ. ಲ್ಯಾಂಕಾಶೈರಿನ ಕಾರ್ನ್‌ಫೋರ್ತ್‌ನಲ್ಲಿ 1940ರ ದಶಕದಲ್ಲಿ ಕಟ್ಟಿದ ಗೋಪುರ ಇನ್ನೂ ನಿಂತಿದೆ. ಬ್ರಿಟಿಷ್ ರೈಲ್ವೆಯ ಉಗಿ ಇಂಜಿನ್ನುಗಳ ಕೊನೆಯ ಮೂರು ಶೆಡ್ಡುಗಳಲ್ಲಿ ಅಲ್ಲಿಯ ಶೆಡ್ಡೂ ಒಂದು, ಮುಚ್ಚಿದ್ದು 1968ರ ಆಗಸ್ಟಿನಲ್ಲಿ.

ಇದರ ರೋಗಗಳೂ ಇದರಷ್ಟೇ ದೊಡ್ಡವು. ಖಾಲಿ ಬಂಕರಿಗೆ ಮೇಲಿನಿಂದ ಬಿದ್ದ ಮೊದಲ ವ್ಯಾಗನ್ನಿನ ಕಲ್ಲಿದ್ದಲು ಹತ್ತಾರು ಅಡಿ ಬಿದ್ದು ಚೂರಾಗುತ್ತದೆ. ಅದಕ್ಕೇ ಬಂಕರನ್ನು ಪೂರ್ತಿ ಖಾಲಿಯಾಗಲು ಬಿಡದೆ ಆಗಾಗ ತುಂಬುತ್ತಿರಬೇಕು, ಬೀಳುವ ಎತ್ತರ ಆಗ ಕಡಿಮೆ. ತೊಯ್ದ ನುಚ್ಚು ಬಂಕರಿನ ಕೊರಳಲ್ಲಿ ಕಮಾನಿನ ಹಾಗೆ ಕಟ್ಟಿಕೊಳ್ಳುತ್ತದೆ. ಕೆಳಗೆ ಬಾಯಿ ತೆರೆದಿದೆ, ಮೇಲೆ ನೂರು ಟನ್ ಇದೆ, ಒಂದು ಚೂರೂ ಇಳಿಯದು. ಆಗ ಮೇಲಿನಿಂದ ಕಲ್ಲಿದ್ದಲಿನ ಮೇಲೆ ಇಳಿದು ಹಾರೆಯಿಂದ ತಿವಿಯುವುದು ಜೀವಕ್ಕೇ ಸಂಚಕಾರ, ಕಮಾನು ಕುಸಿದರೆ ಮನುಷ್ಯ ಅದರೊಂದಿಗೇ ಒಳಗೆ. ಹೊರಗಿನಿಂದ ಬಡಿಯುವುದು, ಪಕ್ಕದ ಕಿಂಡಿಯಿಂದ ಉದ್ದ ಸರಳಿನಲ್ಲಿ ತಿವಿಯುವುದು ಸುರಕ್ಷಿತ ದಾರಿ. ಇದಕ್ಕೆ ತದ್ವಿರುದ್ಧ ಕಾಯಿಲೆ, ದೊಡ್ಡ ಹೆಂಟೆಯೊಂದು ಬಾಗಿಲಿಗೆ ಅಡ್ಡ ಸಿಕ್ಕಿ ಮುಚ್ಚಲಾಗದೆ ಹೋಗುವುದು. ಟೆಂಡರ್ ತುಂಬಿ, ಚಾಲಕರ ಕಟ್ಟೆ ತುಂಬಿ, ಕೊನೆಗೆ ಹಳಿಯೂ ಮುಚ್ಚಿಹೋಗಿ, ಅದನ್ನೆಲ್ಲ ಸಲಿಕೆಯಿಂದ ತೆಗೆಯುವವರೆಗೆ ಹಿಂದಿನ ಇಂಜಿನ್ನುಗಳು ಸಾಲು ಕಟ್ಟಿ ಕಾಯಬೇಕು. ಇನ್ನು ನುಚ್ಚು ನಡುವೆ, ಹೆಂಟೆ ಅಂಚಿಗೆ ಎಂಬ ರಾಶಿಯ ನಿಯಮ ಬಂಕರಿಗೂ ತಪ್ಪಿದ್ದಲ್ಲ. ಒಬ್ಬ ಡ್ರೈವರಿಗೆ ಬರೀ ಹೆಂಟೆ, ಅವನ ಹಿಂದೆ ಬಂದವನಿಗೆ ಬರೀ ಪುಡಿ. ಅದೃಷ್ಟದ ಮಾತು.

ಅಮೆರಿಕದಲ್ಲಿ ಇವಕ್ಕಿಂತ ದೊಡ್ಡ ಗೋಪುರಗಳು ಮುಖ್ಯ ಹಳಿಗಳ ಮೇಲೆಯೇ ಕಮಾನಿನಂತೆ ನಿಂತು, ಗಾಡಿಯಿಂದ ಇಂಜಿನ್ ಬಿಡಿಸದೆಯೇ ಕಲ್ಲಿದ್ದಲು ಸುರಿಯುತ್ತಿದ್ದವು. ಅಲ್ಲಿ ನುಚ್ಚಿನ ಚಿಂತೆ ಅಷ್ಟಿರಲಿಲ್ಲ, ಕಾರಣ ಗೋಪುರದಲ್ಲಿಲ್ಲ, ಇಂಜಿನ್ನಿನಲ್ಲಿದೆ. ಯೂನಿಯನ್ ಪೆಸಿಫಿಕ್ಕಿನ ಬಿಗ್ ಬಾಯ್ ಇಂಜಿನ್ನಿನ ಟೆಂಡರಿಗೆ ಅಮೆರಿಕದ ಅಳತೆಯ 28 ಟನ್ ಕಲ್ಲಿದ್ದಲು. ಇಂಗ್ಲೆಂಡಿನ ಪರೀಕ್ಷೆಗಳಲ್ಲಿ ಒಬ್ಬ ಫೈರ್‌ಮನ್ ಸತತವಾಗಿ ಎಸೆಯಬಲ್ಲ ಮಿತಿ ಎಂದು ಹಿಡಿಯುತ್ತಿದ್ದುದು ಗಂಟೆಗೆ 3,000 ಪೌಂಡು, ಅಂದರೆ 1,360 ಕಿಲೋ. ಬಿಗ್ ಬಾಯ್‌ನಂಥ ಹೊಟ್ಟೆಬಾಕನಿಗೆ ಅದು ಏನೇನೂ ಸಾಲದು. ಹಾಗಾಗಿ ಟೆಂಡರಿನ ತಳದಲ್ಲಿ ತಿರುಗುವ ತಿರುಪು ಕಲ್ಲಿದ್ದಲನ್ನು ಮುಂದಕ್ಕೆ ನೂಕುತ್ತದೆ, ನೂಕುತ್ತಲೇ ಪುಡಿಮಾಡುತ್ತದೆ, ಉಗಿಯ ಚಿಮ್ಮು ಅದನ್ನು ಬೆಂಕಿಗೂಡಿನ ತುಂಬ ಎರಚುತ್ತದೆ. ಹೇಗೂ ಪುಡಿಯಾಗುವ ಸರಕು ಗೋಪುರದಲ್ಲೇ ಪುಡಿಯಾದರೆ ಏನು ನಷ್ಟ? ಅದೇ ಗೋಪುರವನ್ನು ತಂದು ಕೈಯಿಂದ ಉರಿಸುವ ಇಂಜಿನ್ನುಗಳ ಶೆಡ್ಡಿನಲ್ಲಿ ನಿಲ್ಲಿಸಿದರೆ ಕಥೆ ಬೇರೆಯೇ ಆಗುತ್ತಿತ್ತು.

ನಮ್ಮಲ್ಲಿ ಬುಟ್ಟಿಯ ಜಾಗಕ್ಕೆ ಬಂದದ್ದು ಹೆಚ್ಚಾಗಿ ಕ್ರೇನು. ಎರಡು ದವಡೆಯ ಗ್ರ್ಯಾಬ್ ಒಂದು ಕಚ್ಚಿಗೆ ಒಂದು ಘನ ಮೀಟರ್ ಎತ್ತಿದರೆ ಹನ್ನೆರಡು ಕಚ್ಚಿಗೆ ವೈಪಿಯ ಟೆಂಡರ್ ತುಂಬುತ್ತದೆ. ಇದರ ಕೇಡು ಒಂದೇ, ಆದರೆ ಕೆಟ್ಟದ್ದು. ರಾಶಿ ತಗ್ಗಿದಂತೆ ದವಡೆ ನೆಲವನ್ನೂ ಕೆರೆದು ಮಣ್ಣು, ಕಲ್ಲು, ಹಳೆಯ ಬೂದಿ ಎಲ್ಲವನ್ನೂ ಟೆಂಡರಿಗೆ ಹಾಕುತ್ತದೆ. ಮಣ್ಣು ಬೆಂಕಿಗೂಡಿನಲ್ಲಿ ಕರಗಿ ಗ್ರೇಟಿಗೆ ಕಿಟ್ಟವಾಗಿ ಅಂಟುತ್ತದೆ. ರಾಶಿಯ ಕೊನೆಯ ಒಂದಡಿಯನ್ನು ಕ್ರೇನಿಗೆ ಕೊಡದೆ ಕೈಯಿಂದಲೇ ಆರಿಸುವುದು ಜಾಣತನ.

ಟೆಂಡರ್ ತುಂಬುವಾಗ

ಯಾವ ವಿಧಾನವಾದರೂ ಟೆಂಡರಿನ ಮೇಲೆ ನಿಂತವನ ಕೆಲಸ ಒಂದೇ. ಇಂಜಿನ್ ನಿಂತ ಮೇಲೆ ಟೆಂಡರಿನ ಕೈಬ್ರೇಕ್ ಬಿಗಿಯಬೇಕು, ಸಿಲಿಂಡರಿನ ಕಾಕ್‌ಗಳನ್ನು ತೆರೆದಿಡಬೇಕು. ಸಿಲಿಂಡರಿಗೆ ಉಗಿ ಬಿಡುವ ರೆಗ್ಯುಲೇಟರ್ ಚೂರು ಸೋರಿದರೂ ಉಗಿ ಹೊರಗೆ ಹೋಗಲಿ, ಮೇಲೆ ಜನರಿರುವಾಗ ಇಂಜಿನ್ ಸರಿಯದಿರಲಿ ಎಂದು. ಅದಕ್ಕೂ ಮುಂಚೆ ನೋಡಬೇಕಾದದ್ದು ನೀರಿನ ತೊಟ್ಟಿಯ ಮುಚ್ಚಳ. ಅದು ತೆರೆದಿದ್ದು ಕಲ್ಲಿದ್ದಲಿನ ಚೂರು ನೀರಿಗೆ ಬಿದ್ದರೆ ಶೆಡ್ಡಿನಲ್ಲಿ ಏನೂ ಗೊತ್ತಾಗುವುದಿಲ್ಲ. ಮೂವತ್ತು ಮೈಲಿ ಆಚೆ ಜಾಲರಿ ಕಟ್ಟಿಕೊಂಡು, ಬಾಯ್ಲರಿಗೆ ನೀರು ನುಗ್ಗಿಸುವ ಇಂಜೆಕ್ಟರ್ ನೀರು ಎಳೆಯುವುದನ್ನು ನಿಲ್ಲಿಸುತ್ತದೆ. ಬಾಯ್ಲರಿಗೆ ನೀರಿಲ್ಲ ಎಂದರೆ ಬೆಂಕಿ ತೆಗೆಯುವುದೊಂದೇ ದಾರಿ. ಒಂದು ಮುಚ್ಚಳಕ್ಕಾಗಿ ಗಾಡಿ ನಡುದಾರಿಯಲ್ಲಿ.

ಟೆಂಡರಿನ ತಳ ಹಿಂದಿನಿಂದ ಮುಂದಕ್ಕೆ ಇಳಿಜಾರು. ಉರಿದಷ್ಟೂ ಕಲ್ಲಿದ್ದಲು ತಾನೇ ಜಾರಿ ಸಲಿಕೆಯ ಹತ್ತಿರ ಬರಲಿ ಎಂದು. ಒಣ ಹೆಂಟೆ ಜಾರುತ್ತದೆ, ಒದ್ದೆ ನುಚ್ಚು ಜಾರುವುದಿಲ್ಲ. ಆಗ ಒಬ್ಬ ಟೆಂಡರಿನೊಳಗೇ ಇಳಿದು ಎಳೆದು ಹಾಕಬೇಕು. ಬ್ರಾಡ್ ಗೇಜಿನ ಇಂಜಿನ್ನುಗಳಲ್ಲಿ ಡ್ರೈವರಿನ ಜೊತೆ ಇಬ್ಬರು ಫೈರ್‌ಮನ್ ಇರುತ್ತಿದ್ದರು, ಒಬ್ಬ ಬೆಂಕಿಗೆ ಎಸೆದರೆ ಇನ್ನೊಬ್ಬ ಕಲ್ಲಿದ್ದಲು ಒಡೆದು ಮುಂದಕ್ಕೆ ತರುವುದು. ತುಂಬುವಾಗ ದೊಡ್ಡ ಹೆಂಟೆಗಳನ್ನು ಅಂಚಿನಲ್ಲಿ ಕಲ್ಲುಗೋಡೆಯ ಹಾಗೆ ಜೋಡಿಸಿ ಮಿಕ್ಕದ್ದನ್ನು ಒಳಗೆ ಹಾಕಿದರೆ ದಾರಿಯಲ್ಲಿ ಉದುರದು. ಮೇಲೆ ಗುಡ್ಡೆಯಾಗಿ ಬಿಟ್ಟರೆ ಮೊದಲ ತಿರುವಿನಲ್ಲೇ ಪಕ್ಕದ ಹಳಿಗೋ ಪ್ಲಾಟ್‌ಫಾರಂ ಮೇಲಿನ ಜನರ ಮೇಲೋ ಬೀಳುತ್ತದೆ. ತಂತಿಯ ಕೆಳಗೆ ಓಡುವ ಮಾರ್ಗಗಳಲ್ಲಿ 25,000 ವೋಲ್ಟಿನ ಕಾರಣಕ್ಕೆ ಟೆಂಡರಿನ ಮೇಲೆ ಹತ್ತುವುದೇ ನಿಷಿದ್ಧ. ಅಲ್ಲಿ ಶೆಡ್ಡು ಬಿಡುವ ಮುಂಚೆಯೇ ಎಲ್ಲ ಹದವಾಗಿ ಕೂತಿರಬೇಕು.

ಬೂದಿಗುಂಡಿಗೆ ಬಂದಾಗ ಕಲ್ಲಿದ್ದಲಿನ ಗುಣ ಕಣ್ಣಿಗೆ ಬೀಳುತ್ತದೆ. ನೂರಕ್ಕೆ 30ರಷ್ಟು ಬೂದಿಯಿರುವ ಕಲ್ಲಿದ್ದಲು 10 ಟನ್ ಉರಿದರೆ 3 ಟನ್ ಬೂದಿ. ಬುಟ್ಟಿಯಲ್ಲಿ ಹತ್ತಿಸಿದ್ದರ ಹತ್ತರಲ್ಲಿ ಮೂರು ಪಾಲನ್ನು ಮತ್ತೆ ಬುಟ್ಟಿಯಲ್ಲೇ ಗುಂಡಿಯಿಂದ ಎತ್ತಬೇಕು ಎಂದಾಯಿತು. ಕಿಟ್ಟವಾದರೆ ಉದ್ದ ಸಲಿಕೆ, ಚೂಪು ಹಾರೆ ಹಿಡಿದು ಬೆಂಕಿಗೂಡಿನ ಬಾಯಿಂದಲೇ ಒಡೆದು ತೆಗೆಯಬೇಕು. ಹೊಸ ಬೆಂಕಿ ಹಾಕುವಾಗ ಗ್ರೇಟಿನ ಮೇಲೆ ಸುಣ್ಣಕಲ್ಲಿನ ಚೂರನ್ನೋ ಬೆಂಕಿ ಇಟ್ಟಿಗೆಯ ಪುಡಿಯನ್ನೋ ಹರಡಿದರೆ ಕಿಟ್ಟ ಸರಳಿಗೆ ಅಷ್ಟು ಬಿಗಿಯಾಗಿ ಕಚ್ಚದು. ಗುಂಡಿಯಲ್ಲಿ ಕೆಂಡ ಆರಿಸುವ ನೀರು ಗಾಲಿಗಳಿಗೆ ತಾಗದಂತೆ ನೋಡಬೇಕು, ಕಾದ ಉಕ್ಕಿನ ಪಟ್ಟಿಗೆ ತಣ್ಣೀರು ಬಿದ್ದರೆ ಬಿರುಕು. ಹೊಗೆಪೆಟ್ಟಿಗೆಯ ಬಾಗಿಲು ತೆರೆದರೆ ಆ ದಿನದ ನುಚ್ಚಿನ ಪಾಲು ಅಲ್ಲಿ ಗುಡ್ಡೆಯಾಗಿರುತ್ತದೆ. ಅದನ್ನು ತೆಗೆದು ಬಾಗಿಲನ್ನು ಗಾಳಿಯಾಡದಂತೆ ಬಿಗಿಯದಿದ್ದರೆ ಮರುದಿನ ಸಂದಿನಿಂದ ನುಗ್ಗಿದ ಗಾಳಿಗೆ ಆ ಪುಡಿ ಅಲ್ಲೇ ಹೊತ್ತಿಕೊಂಡು ಬಾಗಿಲಿನ ತಗಡು ಸೊಟ್ಟಗಾಗುತ್ತದೆ. ಸೊಟ್ಟಗಾದ ಬಾಗಿಲು ಇನ್ನಷ್ಟು ಗಾಳಿ ಬಿಡುತ್ತದೆ, ಚಿಮಣಿಯ ಎಳೆತ ತಗ್ಗುತ್ತದೆ, ಬೆಂಕಿ ಮಂಕಾಗುತ್ತದೆ. ಡ್ರೈವರ್ ಕಲ್ಲಿದ್ದಲನ್ನು ಬೈಯುತ್ತಾನೆ, ತಪ್ಪು ಬಾಗಿಲಿನದು.

ಈ ಇಡೀ ವ್ಯವಸ್ಥೆಯನ್ನು ಒಂದೇ ಇಂಜಿನ್ನಿನ ಮೈಮೇಲೆ ನೋಡಬೇಕೆಂದರೆ ಡಾರ್ಜಿಲಿಂಗ್ ಬೆಟ್ಟದ ರೈಲಿನ ಬಿ ವರ್ಗದ ಪುಟ್ಟ ಇಂಜಿನ್ ಇದೆ. ಅದಕ್ಕೆ ಪ್ರತ್ಯೇಕ ಟೆಂಡರಿಲ್ಲ, ಕಲ್ಲಿದ್ದಲಿನ ಗೂಡು ಇಂಜಿನ್ನಿನ ಮೇಲೆಯೇ. ಆ ಗೂಡಿನ ಮೇಲೆ ಒಬ್ಬಾತ ಕುಳಿತು, ದೊಡ್ಡ ಹೆಂಟೆಯನ್ನು ಸುತ್ತಿಗೆಯಲ್ಲಿ ಒಡೆದು ಫೈರ್‌ಮನ್ನಿಗೆ ಇಳಿಸುತ್ತಾನೆ. ಕಲ್ಲಿದ್ದಲು ಬೆಟ್ಟದವರೆಗೆ ಹೆಂಟೆಯಾಗಿಯೇ ಬರಲಿ, ಒಡೆಯುವ ಕೆಲಸ ಬೆಂಕಿಗೆ ಹಾಕುವ ಐದು ನಿಮಿಷ ಮುಂಚೆ ಆಗಲಿ ಎಂಬ ಏರ್ಪಾಡು. ಅವನ ಸುತ್ತಿಗೆಯ ಕೆಳಗೂ ಒಂದಿಷ್ಟು ನುಚ್ಚಾಗುತ್ತದೆ, ಅದನ್ನು ಒದ್ದೆ ಮಾಡಿ ಹೆಂಟೆಗಳ ಜೊತೆ ಬೆರೆಸಿ ಹಾಕುವುದು.